ಹಿಂದಿನ ಸೀಟಿನ ಒಂದು ಗೇಣು

ಪಶ್ಚಿಮದ ಒಂದು ದೇಶದಲ್ಲಿ ವಾಲ್ಡೆಮಾರ್ ಎಂಬ ಹೆಸರಾಂತ ಕಾರು ಎಂಜಿನಿಯರ್ ಇದ್ದ. ಅವನ ಕಂಪನಿ ಚೀನಾದ ಒಂದು ಕಂಪನಿಯ ಜೊತೆ ಅರ್ಧ ಅರ್ಧ ಪಾಲು ಮಾಡಿಕೊಂಡು ಅಲ್ಲೊಂದು ಕಾರ್ಖಾನೆ ತೆರೆಯಿತು. ಕಾರಿನ ವಿನ್ಯಾಸ ಇವರದು. ಜಾಗ, ಜನ, ಮಾರಾಟ ಅವರದು. ವಾಲ್ಡೆಮಾರನ ಸಹಿ ಇಲ್ಲದೆ ಕಾರಿನ ಒಂದು ಸ್ಕ್ರೂ ಕೂಡ ಬದಲಾಗಬಾರದೆಂದು ಕರಾರಾಗಿತ್ತು.

ಕಾರೇನೋ ಅಪ್ಪಟ ಬಂಗಾರ. ಸ್ಟಿಯರಿಂಗ್ ಹಿಡಿದವನಿಗೆ ಇಳಿಯಲು ಮನಸ್ಸಾಗದು. ಆದರೆ ಕೊಳ್ಳುವವರೇ ಇಲ್ಲ! ಬಂದವರು ಹಿಂದಿನ ಬಾಗಿಲು ತೆಗೆದು ನೋಡಿ, ನಯವಾಗಿ ನಕ್ಕು ಹೊರಟುಬಿಡುತ್ತಿದ್ದರು. ಶೋರೂಮಿನವರು ನೊಣ ಹೊಡೆಯುತ್ತಾ ಕೂತರು. ಹೀಗೇ ಆದರೆ ವರ್ಷದ ಕೊನೆಗೆ ಕಾರ್ಖಾನೆಗೆ ಬೀಗ ಎಂದು ಎರಡೂ ಕಡೆಯ ಧಣಿಗಳು ಹೇಳಿಬಿಟ್ಟರು.

ಚೀನೀ ಪಾಲಿನ ಮುಖ್ಯಸ್ಥೆ ಗಾವ್ ಲಿಪಿಂಗ್. ಮಾತು ಕಡಿಮೆ, ನಗು ಜಾಸ್ತಿ. ಆಕೆ ಒಂದೇ ಒಂದು ಮಾತು ಕೇಳಿದಳು. "ಗುರುಗಳೇ, ಹಿಂದಿನ ಸೀಟಿನ ಮುಂದೆ ಒಂದು ಗೇಣು ಜಾಗ ಹೆಚ್ಚಿಸೋಣವೇ?"

ವಾಲ್ಡೆಮಾರ್ ಉರಿದುಬಿದ್ದ. "ಉದ್ದ ಮಾಡಿದರೆ ತಿರುವಿನಲ್ಲಿ ಕಾರು ಈಗಿನ ಹಾಗೆ ಓಡೀತೇ ಮೇಡಂ? ಕಾರು ಇರೋದು ಓಡಿಸೋನಿಗಾಗಿ!" ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಗಾವ್ ವಾದಿಸಲಿಲ್ಲ. "ಭಾನುವಾರ ನಮ್ಮಮ್ಮನ ಹುಟ್ಟುಹಬ್ಬ. ಊಟಕ್ಕೆ ಪಕ್ಕದ ಊರಿಗೆ ಹೋಗ್ತಿದ್ದೇವೆ, ನೀವು ಮಾಡಿದ ಕಾರಿನಲ್ಲೇ. ನೀವೂ ಬರಬೇಕು" ಎಂದಳು.

ಭಾನುವಾರ ಸ್ಟಿಯರಿಂಗ್ ಮುಂದೆ ಗಾವ್‌ಳ ಗಂಡ ಕೂತಿದ್ದ. ವಾಲ್ಡೆಮಾರ್ ಅವನ ಪಕ್ಕದ ಬಾಗಿಲಿಗೆ ಕೈ ಹಾಕಿದ. ಗಾವ್ ತಡೆದಳು. "ಅಲ್ಲಲ್ಲ ಗುರುಗಳೇ. ನಮ್ಮಲ್ಲಿ ಹಿರಿಯರು, ಅತಿಥಿಗಳು ಹಿಂದೆ ಕೂರೋದು. ಅದು ಮರ್ಯಾದೆಯ ಜಾಗ" ಎಂದು ತಾನು ಗಂಡನ ಪಕ್ಕ ಕೂತಳು.

ಜೀವಮಾನವಿಡೀ ಕಾರು ಮಾಡಿದ ಮಹಾಶಯ, ತನ್ನದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಊರು ದಾಟಿದ್ದು ಅದೇ ಮೊದಲು! ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಂಡಿ ಮುಂದಿನ ಸೀಟಿಗೆ ಒತ್ತಿ ಕಾಲು ಜೋಮು ಹಿಡಿಯಿತು. ಯಾರನ್ನು ದೂರುವುದು? ಸುಮ್ಮನೆ ಪಕ್ಕಕ್ಕೆ ತಿರುಗಿದ. ಹೊಸ ರೇಷ್ಮೆ ಅಂಗಿ ತೊಟ್ಟ ಗಾವ್‌ಳ ತಾಯಿ, ಮಡಚಲಾಗದ ಕಾಲನ್ನು ಹೇಗೋ ಓರೆಯಾಗಿ ತೂರಿಸಿಕೊಂಡು, ಸದ್ದಿಲ್ಲದೆ ಮಂಡಿ ನೀವಿಕೊಳ್ಳುತ್ತಿದ್ದಳು. ಅವನು ನೋಡಿದ್ದು ಕಂಡು ತಟ್ಟನೆ ಕೈ ತೆಗೆದಳು.

"ಕಾರು ಬಲು ಚೆನ್ನಾಗಿದೆ ಕಣಪ್ಪಾ" ಎಂದಳು ಅಜ್ಜಿ. "ನನ್ನ ಕಾಲೇ ಸ್ವಲ್ಪ ಉದ್ದ."

ಎದ್ದು ನಿಂತರೆ ಅಜ್ಜಿ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಅತಿಥಿಯ ಮನಸ್ಸು ನೋಯದಿರಲೆಂದು ತಪ್ಪನ್ನು ತನ್ನ ಕಾಲಿನ ಮೇಲೇ ಹಾಕಿಕೊಂಡಿದ್ದಳು. ವಾಲ್ಡೆಮಾರ್ ಅಜ್ಜಿಯ ಮಂಡಿಯ ಪಕ್ಕ ಗೇಣು ಹಾಕಿ ನೋಡಿದ, ಇನ್ನೊಮ್ಮೆ ನೋಡಿದ.

"ಮೇಡಂ, ಒಂದು ಗೇಣು ಸಾಲದು. ಅದರ ಮೇಲೆ ಇನ್ನೂ ನಾಲ್ಕು ಬೆರಳು ಬೇಕು."

ಮಾರನೆಯ ದಿನವೇ ಅವನು ಗಾವ್‌ಳ ಎಂಜಿನಿಯರುಗಳ ನಡುವೆ ಹೋಗಿ ಕೂತ. ಉದ್ದನೆಯ ಕಾರು ತಿರುವಿನಲ್ಲಿ ತೊನೆಯದಂತೆ ಮಾಡುವ ಉಪಾಯವನ್ನು ಅವರೆಲ್ಲ ಸೇರಿ ಹುಡುಕಿದರು. ಕಾರ್ಖಾನೆಗೆ ಬೀಗ ಬೀಳಲಿಲ್ಲ. ಶೋರೂಮಿನವರಿಗೆ ಊಟ ಮಾಡಲೂ ಪುರುಸೊತ್ತಿಲ್ಲ. ಕೊನೆಗೆ ವಾಲ್ಡೆಮಾರನ ದೇಶದವರೂ "ಆ ಉದ್ದನೆಯ ಕಾರು ನಮಗೂ ಕೊಡಿ" ಎನ್ನತೊಡಗಿದರು.

ಮುಂದಿನ ಹುಟ್ಟುಹಬ್ಬದ ದಿನ ಹೊಸ ಕಾರು ಅದೇ ದಾರಿ ಹಿಡಿಯಿತು. ವಾಲ್ಡೆಮಾರ್ ಹಿಂದಿನ ಸೀಟಿನಿಂದ ಮೆಲ್ಲಗೆ ಕೇಳಿದ. "ಮೇಡಂ, ಅವತ್ತೇ ವಾದ ಮಾಡಿ ನನ್ನನ್ನು ಸೋಲಿಸಬಹುದಿತ್ತಲ್ಲ?"

"ಸೋತಿದ್ದರೆ ಸಹಿ ಹಾಕ್ತಿದ್ರಿ ಗುರುಗಳೇ. ಹೀಗೆ ಮನಸ್ಸಿಟ್ಟು ಕಾರು ಮಾಡ್ತಿರಲಿಲ್ಲ" ಎಂದಳು ಗಾವ್.

ಅವನು ಪಕ್ಕಕ್ಕೆ ನೋಡಿದ. ಅಜ್ಜಿ ಕಾಲು ಚಾಚಿಕೊಂಡು ನಿದ್ದೆ ಹೋಗಿದ್ದಳು.

ನೀತಿ: ನಾವು ಮಾಡಿದ್ದು ಎಷ್ಟೇ ಚೆನ್ನಾಗಿರಲಿ, ಅದನ್ನು ಬಳಸುವವರ ಜಾಗದಲ್ಲಿ ಒಮ್ಮೆ ಕೂತು ನೋಡಬೇಕು. ನಮ್ಮನ್ನು ಸೋಲಿಸದೆ ಆ ಜಾಗದಲ್ಲಿ ಕೂರಿಸುವ ಪಾಲುಗಾರರು ಸಿಕ್ಕರೆ ಅವರ ಕೈ ಬಿಡಬಾರದು.