ಹೆಸರಿಗೊಂದು ಗಂಟೆ

“ಗುರುಗಳೇ, ಒಬ್ಬನ ವಿದ್ಯೆಯ ತೂಕವನ್ನು ಅಳೆಯುವುದು ಹೇಗೆ?”

ದಾಮೋದರ ಖಾರ್ವಿಯ ದನಿಯಲ್ಲಿ ಪ್ರಶ್ನೆಗಿಂತ ಜಗಳವೇ ಹೆಚ್ಚಿತ್ತು. ಕಾಲು ತೊಳೆಯದೆ, ದೇವರಿಗೂ ಕೈ ಮುಗಿಯದೆ ಮಠದ ಜಗಲಿಗೆ ಬಂದು ಕೂತಿದ್ದ. ಗುರುಗಳು ಅದನ್ನು ಕಂಡರೂ ಕಾಣದವರಂತೆ ಪೂಜೆಗೆ ತುಳಸಿ ಬಿಡಿಸುತ್ತಲೇ ಇದ್ದರು.

ದಾಮೋದರ ಮೀನಿನ ಸಂಶೋಧಕ. ಬಲೆಯ ಕಣ್ಣು ಎಷ್ಟು ಅಗಲವಿದ್ದರೆ ಮರಿಮೀನು ನುಸುಳಿ ಬದುಕುತ್ತದೆ ಎಂದು ಕಂಡುಕೊಂಡವನು ಅವನು. ಕರಾವಳಿಯ ಎಷ್ಟೋ ಕೇರಿಗಳು ಅವನ ಅಳತೆಯಂತೆ ಬಲೆ ಕಟ್ಟುತ್ತಿದ್ದವು. ಆ ವಾರ ಅವನ ಸಂಸ್ಥೆಯಲ್ಲಿ ಎಲ್ಲರ ವಿದ್ಯೆಯನ್ನೂ ಲೆಕ್ಕ ಹಾಕಿದ್ದರು: ಯಾರು ಎಷ್ಟು ಪ್ರಬಂಧ ಬರೆದರು, ಆ ಪ್ರಬಂಧಗಳನ್ನು ಬೇರೆ ಪ್ರಬಂಧಗಳು ಎಷ್ಟು ಸಲ ಹೆಸರಿಸಿದವು ಎಂದು. ಬಲೆ ಕಟ್ಟುವವರು ಪ್ರಬಂಧ ಬರೆಯುವುದಿಲ್ಲ. ಹಾಗಾಗಿ ದಾಮೋದರ ಕಟ್ಟಕಡೆಯವನಾದ. ಪ್ರಯೋಗಾಲಯವನ್ನು ಬೇರೆಯವರಿಗೆ ಬಿಟ್ಟುಕೊಡು ಎಂದು ಅಪ್ಪಣೆಯೂ ಆಯಿತು.

“ಒಂದೇ ಮೀನನ್ನು ಕೊಯ್ದು ತಲೆಗೊಂದು ಪ್ರಬಂಧ, ಬಾಲಕ್ಕೊಂದು ಪ್ರಬಂಧ ಬರೆದವನಿಗೆ ಹಾರ ಹಾಕಿದರು. ನನಗೆ ಬಾಗಿಲು ತೋರಿಸಿದರು,” ಎಂದ ದಾಮೋದರ. “ನಾಳೆ ಕೇರಿಯವರು ಹೊಸ ಬಲೆಗೆ ಕಣ್ಣಿನ ಅಳತೆ ಕೇಳಲು ಕರೆದಿದ್ದಾರೆ. ನಾನು ಹೋಗುವುದಿಲ್ಲ. ನನ್ನ ಹೆಸರನ್ನೇ ಹೇಳದವರಿಗೆ ನನ್ನ ಅಳತೆ ಯಾಕೆ? ಬೇಕಾದರೆ ಸೊಳ್ಳೆಪರದೆಯನ್ನೇ ನೀರಿಗೆ ಹಾಕಿಕೊಳ್ಳಲಿ!”

“ನಿನ್ನ ಸಿಟ್ಟು ನ್ಯಾಯದ್ದೇ. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕೇಳು,” ಎಂದು ಗುರುಗಳು ಹೇಳತೊಡಗಿದರು.

ಕಡಲಂಚಿನಲ್ಲಿ ಒಬ್ಬ ಅರಸನಿದ್ದ. ಅವನ ಪ್ರಜೆಗಳಿಗೆ ಮೀನೇ ಅನ್ನ. ಮೀನಿನ ನಡೆ ತಿಳಿದರೆ ಜನರ ಹೊಟ್ಟೆ ತಣ್ಣಗಿರುತ್ತದೆ ಎಂದು ಅರಸ ಪಂಡಿತರನ್ನು ಕರೆಸಿ ಸಾಕಿದ. ಅಷ್ಟರವರೆಗೆ ಎಲ್ಲ ಸರಿಯಿತ್ತು. ಯಾರ ವಿದ್ಯೆ ದೊಡ್ಡದೆಂದು ತಿಳಿಯಲು ಮಂತ್ರಿ ಒಂದು ಉಪಾಯ ಹೂಡಿದ. ಸಭೆಯ ನಡುವೆ ಗಂಟೆ ತೂಗುಹಾಕಿಸಿದ. ಯಾರ ಬಾಯಲ್ಲಿ ಯಾವ ಪಂಡಿತನ ಹೆಸರು ಬಂದರೂ ಗಂಟೆ ಬಾರಿಸಬೇಕು. ಯಾರ ಹೆಸರಿಗೆ ಗಂಟೆ ಹೆಚ್ಚೋ ಅವನಿಗೆ ಪಟ್ಟೆ ಶಾಲು.

ಪಂಡಿತರು ಬುದ್ಧಿವಂತರು. ನನ್ನ ಹೆಸರು ನೀನು ಹೇಳು, ನಿನ್ನದು ನಾನು ಹೇಳುತ್ತೇನೆ ಎಂದು ಮಾತಾಡಿಕೊಂಡರು. ಗಂಟೆಯ ಹಗ್ಗ ಸವೆಯಿತು. ಮೀನಿನ ಮಾತು ಆ ಸದ್ದಿನಲ್ಲಿ ಮುಳುಗಿಹೋಯಿತು.

ಅವರಲ್ಲಿ ಒಬ್ಬ ಪಂಡಿತ ಸಭೆಗೆ ಹೋಗುವುದು ಕಡಿಮೆ. ಅವನು ನದಿ ಕಡಲು ಸೇರುವ ಅಳಿವೆಯಲ್ಲಿ ನಿಂತು ನೋಡಿದ. ಮುಂಗಾರಿನ ಹೊಸ ನೀರಿಗೆ ತಾಯಿಮೀನು ಮೊಟ್ಟೆಯಿಡಲು ಅಳಿವೆಗೆ ಬರುತ್ತಿತ್ತು. ಬೆಸ್ತರು ಅದನ್ನು ಆಗಲೇ ಹಿಡಿಯುತ್ತಿದ್ದರು. ಪಂಡಿತ ಕೇರಿಗೆ ಹೋಗಿ ಹೇಳಿದ: “ಹೊಸ ನೀರು ತಿಳಿಯಾಗುವವರೆಗೆ ಅಳಿವೆಗೆ ಬಲೆ ಹಾಕಬೇಡಿ.”

ಬೆಸ್ತರು ಕೇಳಿದರು. ಮರುವರ್ಷ ಮೀನು ಹೆಚ್ಚಿತು, ಅದರ ಮುಂದಿನ ವರ್ಷ ಇನ್ನೂ ಹೆಚ್ಚಿತು. ಮೆಲ್ಲಗೆ ಅದೊಂದು ಕಟ್ಟಳೆಯಾಯಿತು. ಹೊಸ ನೀರು ಬಂತೆಂದರೆ ಕೇರಿಯವರು, “ಅಮ್ಮನಿಗೆ ಬಾಣಂತನ,” ಎಂದು ಅಳಿವೆಯ ಬಾಯಿಗೆ ಅರಿಸಿನ ಚೆಲ್ಲಿ ಬಲೆ ಮಡಚಿಡುತ್ತಿದ್ದರು. ಪಂಡಿತನ ಹೆಸರು ಯಾರಿಗೂ ನೆನಪಿರಲಿಲ್ಲ. ದೇವರಿಗೆ ಮಾತ್ರ ಗೊತ್ತಿತ್ತು.

ಹೀಗೆ ಎಷ್ಟೋ ವರ್ಷ ಕಳೆದ ಮೇಲೆ ಒಂದು ದಿನ ಮಂತ್ರಿ ಅವನನ್ನು ಕರೆಸಿದ. “ಏನಯ್ಯಾ, ನಿನ್ನ ಹೆಸರಿಗೆ ಒಂದು ಸಲವೂ ಗಂಟೆ ಬಾರಿಸಿಲ್ಲ! ಗಂಟೆಯವನಿಗೆ ನಿನ್ನ ಪರಿಚಯವೇ ಇಲ್ಲವಂತೆ. ಅರಮನೆಯ ಅನ್ನ ತಿಂದದ್ದು ಸಾಕು, ಹೊರಡು.” ಸಭೆ ಗೊಳ್ಳೆಂದು ನಕ್ಕಿತು.

ಪಂಡಿತನ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಕೇರಿಗೆ ನಡೆದ. ಹೊಸ ನೀರಿನ ಕಾಲ. ದೋಣಿಗಳು ದಡದಲ್ಲಿ ಮಗುಚಿಕೊಂಡಿದ್ದವು. “ನನ್ನ ಮಾತಿನಿಂದ ಹೊಟ್ಟೆ ತುಂಬಿಸಿಕೊಂಡಿರಿ. ಒಬ್ಬನಾದರೂ ಸಭೆಗೆ ಬಂದು ನನ್ನ ಹೆಸರು ಹೇಳಿದನೇ?” ಎಂದು ಕೂಗಿದ.

“ಯಾವ ಮಾತು ಸ್ವಾಮಿ?” ಎಂದ ಒಬ್ಬ ಬೆಸ್ತ. “ಇದು ಅಮ್ಮನ ಕಟ್ಟಳೆಯಲ್ಲವಾ?”

“ಅಮ್ಮನದಲ್ಲ, ನನ್ನದು! ನಿಮ್ಮ ಅಜ್ಜನ ಕಾಲದಲ್ಲಿ ಇತ್ತೇ ಈ ಕಟ್ಟಳೆ? ಹಿರಿಯರನ್ನು ಕೇಳಿ.”

ಒಬ್ಬ ಮುದುಕ ಕಣ್ಣು ಕಿರಿದು ಮಾಡಿ ನೋಡಿದ. “ಹೌದು ಮಾರಾಯ್ರೆ, ಹಿಂದೆ ಒಬ್ಬರು ಪಂಡಿತರು ಬಂದು ಹೇಳಿದ್ದು ನಿಜ. ಅವರು ನೀವೆಯಾ? ಅಯ್ಯೋ, ನಿಮ್ಮ ಕಾಲಿಗೆ ಬೀಳಬೇಕು ನಾವು.”

ಅಲ್ಲಿಗೇ ನಿಂತಿದ್ದರೆ ಸಾಕಿತ್ತು. ಮುದುಕ ಬಗ್ಗಿ ಕಾಲು ಮುಟ್ಟಲು ಬಂದಿದ್ದ. ಆದರೆ ಪಂಡಿತನ ಕಿವಿಯಲ್ಲಿ ಇನ್ನೂ ಸಭೆಯ ನಗುವಿತ್ತು. “ಕಟ್ಟಿದವನೇ ಬಿಚ್ಚುತ್ತಿದ್ದೇನೆ. ಹಾಕಿ ಬಲೆ,” ಎಂದ.

ಅವನ ಮೊದಲ ಮಾತು ಸುಳ್ಳಾಗಿರಲಿಲ್ಲ. ಆ ನಂಬಿಕೆಯಿಂದಲೇ ಎರಡನೆಯ ಮಾತನ್ನೂ ಬೆಸ್ತರು ಕೇಳಿದರು. ಬಲೆ ಎಳೆಯಲು ಕೈ ಸಾಲಲಿಲ್ಲ. ಪ್ರತಿ ಮೀನಿನ ಹೊಟ್ಟೆಯೂ ಮೊಟ್ಟೆಯಿಂದ ಬಿಗಿದಿತ್ತು. ಅರಸನಿಗೆ ಮೀನಿನ ಬುಟ್ಟಿಗಳು ಹೋದವು. ಜೊತೆಗೆ ಪಂಡಿತನ ಹೆಸರೂ ಹೋಯಿತು. ಮೊದಲ ಸಲ ಅವನಿಗಾಗಿ ಗಂಟೆ ಮೊಳಗಿತು. ಅವನನ್ನು ಹಿಂದಕ್ಕೆ ಕರೆಸಿಕೊಂಡರು. ಹೊಸ ನೀರಿನ ಮೀನಿನ ರುಚಿ ಹತ್ತಿದ ಅರಮನೆ, ಪ್ರತಿ ವರ್ಷವೂ ಬುಟ್ಟಿ ಬರಬೇಕೆಂದಿತು.

ಹೋಗುತ್ತ ಹೋಗುತ್ತ ಅಳಿವೆ ಬರಿದಾಯಿತು. ಬೆಸ್ತರು ಹೆಂಡಿರು ಮಕ್ಕಳ ಸಮೇತ ಸಭೆಗೆ ನುಗ್ಗಿದರು. ಪಂಡಿತನ ಹೆಸರು ಹಿಡಿದು ಶಪಿಸಿದರು. ಒಬ್ಬ ಹೆಂಗಸು ಬರಿಯ ಬುಟ್ಟಿಯನ್ನು ಅವನ ಮುಂದೆ ಕವುಚಿ ಹೇಳಿದಳು: “ಕಟ್ಟಳೆ ಅಮ್ಮನ ಹೆಸರಲ್ಲಿ ಇರುವ ತನಕ ಉಂಡೆವು. ನಿನ್ನ ಹೆಸರಿಗೆ ಬಂತು, ಬಾಯಿಗೆ ಮಣ್ಣು ಬಿತ್ತು. ತಗೋ, ಇಡೀ ಊರು ನಿನ್ನ ಹೆಸರೇ ಹೇಳ್ತಾ ಉಂಟು!”

ಒಂದೊಂದು ಶಾಪಕ್ಕೂ ಗಂಟೆಯವನು ಒಂದೊಂದು ಸಲ ಗಂಟೆ ಹೊಡೆದ. ಹೊಗಳಿಕೆಗೋ ಬೈಗುಳಕ್ಕೋ ಎಂದು ನೋಡುವ ಕೆಲಸ ಅವನದಲ್ಲ. ಸಂಜೆಗೆ ಮಂತ್ರಿ ಎದ್ದು ನಿಂತು, ಈ ನಾಡಿನಲ್ಲಿ ಇವನಷ್ಟು ಹೆಸರು ಪಡೆದ ಪಂಡಿತ ಇನ್ನೊಬ್ಬನಿಲ್ಲ ಎಂದು ಪಟ್ಟೆ ಶಾಲು ಹೊದಿಸಿದ.

ಗುರುಗಳು ಮಾತು ನಿಲ್ಲಿಸಿ, ಬಿಡಿಸಿದ ತುಳಸಿಯನ್ನು ತಟ್ಟೆಗೆ ಹಾಕಿದರು.

ದಾಮೋದರನ ಸಿಟ್ಟು ಇನ್ನೂ ಆರಿರಲಿಲ್ಲ. “ತಪ್ಪು ಆ ಗಂಟೆ ಕಟ್ಟಿದ ಮಂತ್ರಿಯದಲ್ಲವೇ, ಗುರುಗಳೇ?” ಎಂದ.

“ಮಂತ್ರಿಯದೇ, ಮಗೂ, ಆದರೆ ಪಂಡಿತ ಸೇಡು ತೀರಿಸಿಕೊಂಡದ್ದು ಇನ್ನೂ ಹುಟ್ಟದ ಮೀನುಗಳ ಮೇಲೆ.”