ಒಳಕೋಣೆಗೆ ಬಾರದ ಸಿಗ್ನಲ್

"ಗುರುಗಳೇ, ಇನ್ನೇನು ತಂದುಕೊಟ್ಟರೆ ನನ್ನ ಹೆಂಡತಿ ಮಾತಾಡುತ್ತಾಳೆ?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ಶಿಷ್ಯ ಸಂಸಾರಸ್ಥ. ಅವನ ಒಬ್ಬನೇ ಮಗ ಜ್ವರ ಬಂದು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅಂದಿನಿಂದ ಹೆಂಡತಿ ಅವನೊಡನೆ ಮಾತು ಬಿಟ್ಟಿದ್ದಳು. ಅವನು ಆ ಸಾವನ್ನು ಸಾವು ಎನ್ನುತ್ತಿರಲಿಲ್ಲ, 'ಆ ವಿಷಯ' ಎನ್ನುತ್ತಿದ್ದ. ಆ ವಿಷಯ ಆದಮೇಲೆ ಅವಳನ್ನು ಯಾತ್ರೆಗೆ ಕರೆದೊಯ್ದಿದ್ದ. ಡಾಕ್ಟರಿಗೆ ತೋರಿಸಿದ್ದ. ತಾಯಿತ ಕಟ್ಟಿಸಿದ್ದ. ಜೊತೆಗಿರಲಿ ಎಂದು ಅವಳ ಅಕ್ಕನನ್ನು ಕರೆಸಿದ್ದ. ದೊಡ್ಡ ಟೀವಿ ತಂದಿದ್ದ. ಎಲ್ಲವನ್ನೂ ಗುರುಗಳಿಗೆ ಬಿಡಿಸಿ ಬಿಡಿಸಿ ಹೇಳಿದ.

"ತಂದದ್ದಕ್ಕೇನೂ ಕೊರತೆ ಇಲ್ಲ ಬಿಡು," ಎಂದರು ಗುರುಗಳು. "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಟ ಇದೆ."

ಅವರು ಹೇಳಿದ ಕತೆ ಇದು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಮುಂದೆ ಅಂಗಡಿ, ನಡುವೆ ಗೋದಾಮು, ಹಿಂದೆ ಮನೆ. ಹೆಂಡತಿ ಬೇಗ ತೀರಿಕೊಂಡಳು. ಒಬ್ಬಳೇ ಮಗಳನ್ನು ಅವನೇ ಸಾಕಿದ. ಅವಳಿಗೆ ಜಡೆ ಹೆಣೆಯುವುದನ್ನೂ ಕಲಿತ. ಜಡೆ ಸೊಟ್ಟಗಿದ್ದರೂ ಅವಳು ಅದನ್ನೇ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು, ಅಪ್ಪ ಹೆಣೆದದ್ದು ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ದೊಡ್ಡವಳಾದಳು. ಮದುವೆಯಾಯಿತು. ಪದ್ಧತಿಯಂತೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಬಾಣಂತಿಗೆ ಗಾಳಿ ತಾಗಬಾರದು, ಅಂಗಡಿಗೆ ಬರುವವರ ಕಣ್ಣೂ ತಾಗಬಾರದು ಎಂದು ವ್ಯಾಪಾರಿ ಗೋದಾಮಿನ ಒಂದು ಭಾಗಕ್ಕೆ ತೆಳ್ಳಗಿನ ಇಟ್ಟಿಗೆ ಗೋಡೆ ಎಬ್ಬಿಸಿ ಒಳಕೋಣೆ ಮಾಡಿಸಿದ. ಹೆಣ್ಣು ಮಗು ಹುಟ್ಟಿತು.

ವ್ಯಾಪಾರಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಮಕರಣಕ್ಕೆ ಮೂರನೇ ತಿಂಗಳಲ್ಲಿ ದಿನ ಇಟ್ಟರು. ಶಾಸ್ತ್ರ ಮುಗಿಯುವವರೆಗೆ ಹೆಸರು ಹೊರಗೆ ಬೀಳಬಾರದು ಎಂಬುದು ಅವರ ಮನೆಯ ಕಟ್ಟಳೆ. ಆದರೆ ಮಗಳಿಗೆ ತಂದೆಯಿಂದ ಮುಚ್ಚಿಟ್ಟು ಅಭ್ಯಾಸವಿಲ್ಲ. ಒಂದು ದಿನ ಕಷಾಯದ ಲೋಟ ತೆಗೆದುಕೊಂಡು ಹೋಗಲು ಬಂದವನನ್ನು ಬಗ್ಗಿಸಿ, ತನ್ನ ಮನಸ್ಸಿನಲ್ಲಿದ್ದ ಹೆಸರನ್ನು ಕಿವಿಯಲ್ಲಿ ಹೇಳಿಬಿಟ್ಟಳು. ಯಾರಿಗೂ ಹೇಳಬಾರದು ಎಂದಳು. ಅವನು ಯಾರಿಗೂ ಹೇಳಲಿಲ್ಲ. ಆದರೆ ಪಾತ್ರೆಗೆ ಹೆಸರು ಹಾಕುವುದೇ ಕಸುಬಾದವನು ಒಂದು ಹೆಸರನ್ನು ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ಸುಮ್ಮನಿರುತ್ತಾನೆ? ನಾಮಕರಣಕ್ಕೆ ಬಂದವರಿಗೆಲ್ಲ ಕೊಡಬೇಕೆಂದು ಸ್ಟೀಲ್ ತಟ್ಟೆ ತರಿಸಿದ. ಪೇಟೆಯ ಮನೆಮನೆಗೂ ಒಂದೊಂದು ಸಲ್ಲುವಷ್ಟು ತರಿಸಿದ. ಗೋದಾಮಿನಲ್ಲಿ ಕೂತು ಒಂದೊಂದರ ಮೇಲೂ ಮೊಮ್ಮಗಳ ಹೆಸರನ್ನು ಮೆಷಿನ್ನಿನಿಂದ ಕೊರೆದ. ಕೆಲಸದವರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಮೆಷಿನ್ನಿನ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಅಪ್ಪ ಏನು ಮಾಡುತ್ತಿದ್ದಾನೆಂದು ಮಗಳಿಗೆ ತಿಳಿದುಹೋಗಿತ್ತು. ಮಗುವಿಗೆ ಹಾಲೂಡಿಸುತ್ತ ಒಳಗಿನಿಂದಲೇ ನಗುತ್ತಿದ್ದಳು. ಆ ನಗು ಅವನಿಗೂ ಕೇಳುತ್ತಿತ್ತು. ಕೊರೆದು ಮುಗಿದ ತಟ್ಟೆಗಳನ್ನು ಅವನು ಅದೇ ಗೋಡೆಗೆ ಒತ್ತಿ, ನೆಲದಿಂದ ಸೂರಿನವರೆಗೆ ಪೇರಿಸಿಟ್ಟ.

ನಾಮಕರಣಕ್ಕೆ ಮುಂಚೆಯೇ ಮಗು ಹೋಯಿತು. ಮಲಗಿದ್ದು ಬೆಳಗ್ಗೆ ಏಳಲಿಲ್ಲ. ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು. ಪೇಟೆಯವರು ಬಂದರು. ಬಂದವರಿಗೆಲ್ಲ ಸಿಕ್ಕಿದ್ದು ಒಂದೇ ಸಮಾಧಾನದ ಮಾತು: ಹೆಸರು ಕೂಡ ಇಟ್ಟಿರದ ಕೂಸು, ಅಷ್ಟೊಂದು ಹಚ್ಚಿಕೊಳ್ಳಬೇಡಮ್ಮ. ಆ ಮಾತು ಕೇಳಿದಾಗಲೆಲ್ಲ ಮಗಳು ತಂದೆಯ ಮುಖ ನೋಡುತ್ತಿದ್ದಳು. ತಂದೆ ನೆಲ ನೋಡುತ್ತಿದ್ದ.

ಎಲ್ಲರೂ ಹೋದ ಮೇಲೆ ಅವನು ಗೋದಾಮಿಗೆ ಹೋಗಿ ತಟ್ಟೆಗಳ ಮೇಲೆ ಹಳೆಯ ಜಮಖಾನ ಎಳೆದ. ಹೆಸರು ಕೊರೆದದ್ದನ್ನು ಮಾರಲಾಗುವುದಿಲ್ಲ. ಗುಜರಿಗೆ ಹಾಕಲು ಕೈ ಬರುವುದಿಲ್ಲ. ನೋಡುವುದಂತೂ ದೂರದ ಮಾತು. ಆಮೇಲೆ ಅವನು ಆ ಕಡೆ ತಲೆ ಹಾಕಲಿಲ್ಲ.

ಮಗಳು ಒಳಕೋಣೆ ಬಿಟ್ಟು ಬರಲಿಲ್ಲ. ಏನು ಕೇಳಿದರೂ ಹೂಂ ಇಲ್ಲವೇ ಊಹೂಂ. ಬರಬರುತ್ತ ಅದೂ ನಿಂತಿತು. ಅಳಿಯ ಬಂದು ಕೂತ, ಅತ್ತ, ಹೋದ. ಅನ್ನದ ತಟ್ಟೆ ಹೋದ ಹಾಗೆಯೇ ವಾಪಸ್ಸು ಬರತೊಡಗಿದಾಗ ವ್ಯಾಪಾರಿ ಅವರಿವರನ್ನು ವಿಚಾರಿಸತೊಡಗಿದ. ನಗರದಲ್ಲಿ ಮನಸ್ಸಿನ ರೋಗ ನೋಡುವ ಒಬ್ಬ ಲೇಡಿ ಡಾಕ್ಟರು ಇದ್ದರು. ವಾರಕ್ಕೊಮ್ಮೆ ಫೋನಿನಲ್ಲೇ ಮುಖ ನೋಡಿಕೊಂಡು ಮಾತಾಡೋಣ ಎಂದರು. ಬಾಗಿಲು ಹಾಕಿಕೊಂಡು ಒಬ್ಬಳೇ ಕೂರಬೇಕು. ಒಮ್ಮೆ ಮನಸ್ಸು ಬಿಚ್ಚಿದರೆ ಉಳಿದುಕೊಳ್ಳುತ್ತಾಳೆ ಎಂದರು. ವ್ಯಾಪಾರಿ ಆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಾಗಿಲಿರುವ ಕೋಣೆ ಮನೆಯಲ್ಲಿ ಇದ್ದದ್ದು ಅದೊಂದೇ. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಅದಕ್ಕೆಂದೇ ವೈಫೈ ಹಾಕಿಸಿದ. ಅಂಗಡಿಯ ಗದ್ದಿಯ ಪಕ್ಕ, ಲಕ್ಷ್ಮಿಯ ಪಟದ ಕೆಳಗೆ ವೈಫೈ ಡಬ್ಬಿ ಕೂತಿತು. ಅದಕ್ಕೆ ಕುಂಕುಮವನ್ನೂ ಇಟ್ಟ.

ಅಂಗಡಿಯಲ್ಲಿ ಸಿಗ್ನಲ್ ಬೇಕಾದಷ್ಟು. ಒಳಕೋಣೆಯಲ್ಲಿ ಡಾಕ್ಟರ ಮುಖ ಚೂರುಚೂರಾಗಿ ಬಂತು. ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಮಾತು ಬಂದಾಗ ಮುಖ ನಿಂತುಬಿಡುತ್ತಿತ್ತು. ಮಗಳು ಫೋನನ್ನು ಮಗುಚಿ ಇಟ್ಟಳು.

ಹಾಗಾದರೆ ಅಂಗಡಿಯಲ್ಲೇ ಕೂತು ಮಾತಾಡು ಎಂದು ಅವಳನ್ನು ಕೈ ಹಿಡಿದು ಕರೆತಂದ. ಅವಳು ಬಂದು ಗದ್ದಿಯ ಮೇಲೆ ಕೂತಳು. ಕುಕ್ಕರ್ ಕೊಳ್ಳಲು ಬಂದ ಹೆಂಗಸೊಬ್ಬಳು ಜೊತೆಯವಳ ಕಿವಿಯಲ್ಲಿ, ಹೆಸರಿಡುವ ಮೊದಲೇ ಹೋಯಿತಂತೆ ಎಂದಳು. ಮಗಳು ಫೋನನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಅಲ್ಲಿಂದ ವ್ಯಾಪಾರಿಗೆ ಬೇರೆ ಧ್ಯಾನವೇ ಇಲ್ಲ. ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿದ. ಅಟ್ಟದ ಮೇಲಿಟ್ಟು ನೋಡಿದ. ಗಾಳಿಯಲ್ಲಿ ಬರುವಂಥದ್ದು ವಾಯುಮೂಲೆಯಲ್ಲಿರಬೇಕು ಎಂದರು ಜೋಯಿಸರು. ಅವರ ಮನೆಗೆ ವೈಫೈ ಇರಲಿಲ್ಲ, ಆದರೂ ಹೇಳಿದರು. ಅಲ್ಲಿಗೂ ಇಟ್ಟ. ಡಬ್ಬಿಯ ಹಿಂದೆ ಹೊಳೆಯುವಂಥದ್ದೇನಾದರೂ ನಿಲ್ಲಿಸಿದರೆ ಸಿಗ್ನಲನ್ನು ಮುಂದಕ್ಕೆ ತಳ್ಳುತ್ತದೆ ಎಂದ ಪಕ್ಕದ ಅಂಗಡಿಯವನು. ಹೊಳೆಯುವ ವಸ್ತುವಿಗೆ ಇವನಲ್ಲಿ ಬರವೇ? ಮದುವೆಮನೆಗೆ ಬಾಡಿಗೆ ಹೋಗುವ ದೊಡ್ಡ ಪರಾತವನ್ನು ಉಜ್ಜಿ ತೊಳೆದು ನಿಲ್ಲಿಸಿದ. ಗಿರಾಕಿಗಳು ನಕ್ಕರು. ನಗಲಿ ಎಂದುಕೊಂಡ. ಕೇಬಲ್ ಬದಲಿಸಿದ. ಹೆಚ್ಚು ಕೊಂಬುಗಳಿರುವ ಡಬ್ಬಿ ತರಿಸಿದ. ಪ್ರತಿ ಸಲವೂ ಫೋನು ಹಿಡಿದು ಒಳಕೋಣೆಯ ಬಾಗಿಲಲ್ಲಿ ನಿಂತು ಸಿಗ್ನಲ್ಲಿನ ಕಡ್ಡಿ ಎಷ್ಟಿದೆ ಎಂದು ನೋಡುತ್ತಿದ್ದ. ಒಂದೇ ಕಡ್ಡಿ. ಮಗಳು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಅವನು ಕಡ್ಡಿ ನೋಡಿ ಹೊರಟುಹೋಗುತ್ತಿದ್ದ.

ಕೊನೆಗೆ ವೈಫೈ ಹಾಕಿಕೊಟ್ಟವನನ್ನೇ ಕರೆಸಿದ. ಅವನು ಫೋನು ಹಿಡಿದು ಅಂಗಡಿಯಿಂದ ನಡೆಯುತ್ತ ಬಂದ. ಗೋದಾಮಿನ ಕೊನೆಯವರೆಗೂ ಕಡ್ಡಿ ಪೂರ್ತಿ ಇತ್ತು. ಕೋಣೆಯೊಳಗೆ ಕಾಲಿಟ್ಟರೆ ಇಲ್ಲ. ಗೋಡೆಯನ್ನು ತಟ್ಟಿ ನೋಡಿದ. ಇಷ್ಟು ತೆಳು ಗೋಡೆ ಸಿಗ್ನಲನ್ನು ತಡೆಯುವುದಿಲ್ಲವಲ್ಲ ಎಂದುಕೊಂಡು ಗೋದಾಮಿನ ಕಡೆಗೆ ಬಂದ. ಜಮಖಾನ ಎತ್ತಿದ.

"ಯಜಮಾನ್ರೇ, ಇಷ್ಟು ದಿನ ಸುಮ್ನೆ ಒದ್ದಾಡಿದ್ರಲ್ಲ! ಸ್ಟೀಲಿನ ಗೋಡೆನೇ ಕಟ್ಟಿದ್ದೀರಿ ಇಲ್ಲಿ. ಈ ತಟ್ಟೆ ತೆಗೆಸಿಬಿಡಿ, ಇನ್ನೇನೂ ಬೇಡ."

"ಅದನ್ನ ಮುಟ್ಟಬೇಡ," ಎಂದ ವ್ಯಾಪಾರಿ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ಬೇರೆ ಏನಾದ್ರೂ ದಾರಿ ಇದ್ರೆ ಹೇಳು."

ಬೇರೆ ದಾರಿ ಇತ್ತು. ಸೂರಿನ ಮೇಲಿಂದ ಕೇಬಲ್ ಎಳೆದು ಒಳಕೋಣೆಯಲ್ಲೇ ಇನ್ನೊಂದು ಡಬ್ಬಿ ಕೂರಿಸುವುದು. ನಾಳೆ ಬರುತ್ತೇನೆ ಎಂದು ಹೇಳಿ ಅವನು ಹೋದ. ಜಮಖಾನ ಮತ್ತೆ ಕೆಳಗೆ ಬಿತ್ತು.

ಈ ಮಾತೆಲ್ಲ ಒಳಗೆ ಕೇಳಿತ್ತು. ಸಂಜೆ ಅನ್ನ ತೆಗೆದುಕೊಂಡು ಹೋದ ತಂದೆಯನ್ನು ಮಗಳು ತಾನಾಗಿಯೇ ಮಾತಾಡಿಸಿದಳು. ಎಷ್ಟೋ ವಾರಗಳಾದ ಮೇಲೆ ಬಂದ ಮೊದಲ ಮಾತು.

"ಅಪ್ಪಾ, ಆ ಕಡೆ ಗೋಡೆಗೆ ಏನು ಇಟ್ಟಿದ್ದೀಯ?"

"ಏನಿಲ್ಲಮ್ಮ. ಯಾವ್ದೋ ಹಳೇ ಸಾಮಾನು. ನೀನು ಊಟ ಮಾಡು."

ಪಾತ್ರೆಯನ್ನು ಬೆರಳಿನಿಂದ ತಟ್ಟಿ, ಸದ್ದಿನಲ್ಲೇ ಬಿರುಕು ಹೇಳುತ್ತಿದ್ದ ಮನುಷ್ಯ ಅವನು. ಮಗಳ ದನಿಯಲ್ಲಿದ್ದದ್ದು ಅವನಿಗೆ ಕೇಳಲಿಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನೀರಿನ ಲೋಟವನ್ನು ಸರಿಮಾಡಿಟ್ಟು ಹೊರಗೆ ಬಂದ. ಅವಳಿಗೆ ನೋವಾಗಬಾರದೆಂದೇ ಹಾಗೆ ಹೇಳಿದ್ದ. ಅವಳಿಗೆ ಏನೂ ಗೊತ್ತಿಲ್ಲವೆಂದೇ ನಂಬಿದ್ದ. ಮೆಷಿನ್ನಿನ ಸದ್ದು ಕೇಳಿ ಅವಳು ನಕ್ಕದ್ದನ್ನು ಮರೆತಿದ್ದ. ಆ ದಿನಗಳನ್ನು ಇಡಿಯಾಗಿ ಮರೆಯಲು ಹೊರಟವನಿಗೆ ಆ ನಗು ಮಾತ್ರ ಹೇಗೆ ನೆನಪಿರಬೇಕು?

ಮಾರನೆಯ ದಿನ ಹೊಸ ಡಬ್ಬಿ ಬಂತು. ಅವಳ ಮಂಚದ ಮೇಲುಗಡೆಯೇ ಅದರ ದೀಪ ಹತ್ತಿತು. ಕಡ್ಡಿ ಪೂರ್ತಿ. ಡಾಕ್ಟರ ಮುಖ ಎದುರಿಗೇ ಕೂತ ಹಾಗೆ ಬಂತು. ವ್ಯಾಪಾರಿ ಬಾಗಿಲು ಎಳೆದುಕೊಂಡು, ಹೊರಗೆ ಕೈ ಮುಗಿದು ನಿಂತ. ಡಾಕ್ಟರು ಕೇಳುವುದು ಕೇಳಿಸುತ್ತಿತ್ತು. ಮಗಳ ದನಿ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಆಮೇಲೆ ಡಾಕ್ಟರು ವ್ಯಾಪಾರಿಗೇ ಫೋನು ಮಾಡಿ, ಅವಳು ನನ್ನನ್ನು ನೋಡುತ್ತಾ ಕೂತಿರುತ್ತಾಳೆ, ಅಷ್ಟೇ ಎಂದರು. ಸಿಗ್ನಲ್ ಸರಿಯಾಗಿ ಬರುತ್ತಿದೆಯಲ್ಲ ಎಂದು ವ್ಯಾಪಾರಿ ಕೇಳಿದ. ಅವನಿಗೆ ಕೇಳಲು ಗೊತ್ತಿದ್ದದ್ದು ಅದೊಂದೇ. ಚೆನ್ನಾಗಿ ಬರುತ್ತಿದೆ ಎಂದರು ಡಾಕ್ಟರು.

ಅಳಿಯ ಬಂದು ಅವಳನ್ನು ತನ್ನ ಊರಿಗೆ ಕರೆದುಕೊಂಡು ಹೊರಟ. ಗೋದಾಮು ದಾಟುವಾಗ ಅವಳು ಜಮಖಾನದ ಮುಂದೆ ನಿಂತಳು. ಅದನ್ನು ಎತ್ತಲಿಲ್ಲ. ತಂದೆಯ ಕಡೆ ತಿರುಗಿ ನೋಡಿದಳು. ತಂದೆ ಅವಳ ಬ್ಯಾಗು ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ಬಾಮ್ಮ ಎಂದ. ಅವಳು ಹೋದಳು.

ಮನೆ ಬರಿದಾದ ಮೇಲೆ ಅವನು ಜಮಖಾನ ತೆಗೆದ. ಒಂದು ತಟ್ಟೆ ಕೈಗೆತ್ತಿಕೊಂಡು ಅದರ ಮೇಲಿನ ಹೆಸರನ್ನು ಬಾಯಿಬಿಟ್ಟು ಓದಿದ. ಆ ಹೆಸರು ಮನೆಯೊಳಗೆ ಜೋರಾಗಿ ಕೇಳಿದ್ದು ಅದೇ ಮೊದಲು. ಓದಿದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತ. ಅಳು ಗೋಡೆಯಾಚೆಗೂ ಕೇಳುವಷ್ಟಿತ್ತು. ಆಚೆ ಯಾರೂ ಇರಲಿಲ್ಲ.

ಮಗಳಿಗೆ ಫೋನು ಮಾಡಿದ. ಅವಳ ಊರಿನಲ್ಲಿ ಸಿಗ್ನಲ್ ಚೆನ್ನಾಗಿದೆ. ಫೋನು ಪೂರ್ತಿ ರಿಂಗಾಯಿತು, ಅವಳು ಎತ್ತಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಅದು ನಿಲ್ಲುವವರೆಗೂ ನೋಡುತ್ತಾಳೆ ಎಂದು ಅಳಿಯ ಹೇಳಿದ. ಒಂದು ತಟ್ಟೆಯನ್ನು ಪಂಚೆಯಲ್ಲಿ ಸುತ್ತಿಕೊಂಡು ಅವಳ ಊರಿಗೇ ಹೋದ. ಅವಳು ಬಾಗಿಲು ತೆರೆದಳು. ಕುಡಿಯಲು ನೀರು ತಂದಿಟ್ಟಳು. ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅವನು ಕಾದು ಕಾದು ಎದ್ದ. ತಟ್ಟೆಗೆ ಸುತ್ತಿದ ಪಂಚೆಯನ್ನು ಬಿಚ್ಚದೆಯೇ ಊರಿಗೆ ಬಂದ. ಈಗಲೂ ದಿನಾ ಫೋನು ಮಾಡುತ್ತಾನೆ.

ಗುರುಗಳು ಇಲ್ಲಿಗೆ ನಿಲ್ಲಿಸಿ ಮತ್ತೆ ಬತ್ತಿ ಹೊಸೆಯತೊಡಗಿದರು. ಶಿಷ್ಯ ಕಣ್ಣೊರೆಸಿಕೊಂಡ. ಆ ವ್ಯಾಪಾರಿಯ ಮೇಲೆ ಅವನಿಗೆ ಸಿಟ್ಟೂ ಬಂದಿತ್ತು, ಮರುಕವೂ ಬಂದಿತ್ತು.

"ಗುರುಗಳೇ, ಆ ಮಗುವಿನ ಹೆಸರು ಏನಿತ್ತು?" ಎಂದು ಕೇಳಿದ.

"ಬೆಳಗಿನಿಂದ ನನ್ನೆದುರು ಕೂತು ಮಾತಾಡುತ್ತಿದ್ದೀಯ," ಎಂದರು ಗುರುಗಳು, "ನಿನ್ನ ಮಗನ ಹೆಸರು ನಿನ್ನ ಬಾಯಲ್ಲಿ ಇನ್ನೂ ಬಂದಿಲ್ಲ."