ದಳವಾಯಿಯ ಎದೆಮಟ್ಟ

"ಎದೆಮಟ್ಟದ ನೀರಿಗೆ ಯಾರಾದರೂ ಸಾಯುತ್ತಾರೆಯೇ ಪ್ರಭು? ಸತ್ತರೆ ನಾಚಿಕೆಯಿಂದ ಸಾಯಬೇಕು ಅಷ್ಟೆ!" ಎಂದು ದಳವಾಯಿ ಭರಮಣ್ಣ ಮೀಸೆ ತಿರುವಿದ.

ಕಡವಿನಕೋಟೆಯ ಆಸ್ಥಾನದಲ್ಲಿ ಅಂದು ಹೊಳೆಯ ವಿಚಾರ ನಡೆದಿತ್ತು. ಮಳೆಗಾಲ ಹತ್ತಿರವಾಗಿತ್ತು. ನೆರೆ ಬಂದರೆ ಹೊಳೆಯಂಚಿನ ಕೆಳಗೇರಿಯಲ್ಲಿ ಎಷ್ಟು ಜೀವಕ್ಕೆ ಅಪಾಯವೆಂದು ನೋಡಿಬರಲು ದೊರೆ ದಳವಾಯಿಯನ್ನು ಕಳಿಸಿದ್ದ. ಅಜ್ಜಂದಿರ ಕಾಲದ ನೆರೆಯ ಕಲೆ ಅಲ್ಲಿನ ಗುಡಿಯ ಗೋಡೆಯ ಮೇಲೆ ಇನ್ನೂ ಇತ್ತು. ದಳವಾಯಿ ಅದರ ಪಕ್ಕದಲ್ಲಿ ನಿಂತ. ಕಲೆ ಅವನ ಎದೆಗೆ ಬಂತು. ಅಲ್ಲಿಗೆ ಪರೀಕ್ಷೆ ಮುಗಿಯಿತು.

"ಕೇರಿಯವರಿಗೆ ಕೋಟೆದಿಬ್ಬದಲ್ಲಿ ಜಾಗ ಬಿಡುವ ಅಗತ್ಯವೇ ಇಲ್ಲ" ಎಂದ. ದಿಬ್ಬದ ಮೇಲೆ ಅವನ ಕುದುರೆಲಾಯವಿತ್ತು.

ಆಸ್ಥಾನದ ವಿನೋದಗಾರ ಕೋನಪ್ಪನಿಗೆ ಕಸಿವಿಸಿಯಾಯಿತು. ಅವನ ಮನೆ, ಹೆಂಡತಿ, ಮಕ್ಕಳು ಎಲ್ಲ ಕೆಳಗೇರಿಯಲ್ಲೇ.

"ಪ್ರಭು, ಒಂದು ಮಾತು" ಎಂದ.

"ಎದ್ದು ನಿಂತು ಹೇಳಯ್ಯಾ."

"ನಿಂತೇ ಇದ್ದೇನೆ ಪ್ರಭು. ದೇವರು ನನ್ನನ್ನು ಮಾಡುವಾಗ ಮಣ್ಣು ಮುಗಿದಿತ್ತು."

ಸಭೆ ನಕ್ಕಿತು. ನಗು ನಿಲ್ಲುವವರೆಗೆ ಕಾದು ಕೋನಪ್ಪ ಬೇಡಿಕೊಂಡ: "ನಾಳೆ ಕೇರಿಯವರನ್ನೆಲ್ಲ ಅರಮನೆಯ ಅಂಗಳಕ್ಕೆ ಕರೆಸಬೇಕು. ದಳವಾಯಿಗಳ ಲೆಕ್ಕ ಸರಿಯಾದರೆ ದಿಬ್ಬ ಕುದುರೆಗಳಿಗೇ ಇರಲಿ."

ದೊರೆ ಒಪ್ಪಿದ.

ಮರುದಿನ ಅಂಗಳ ತುಂಬಿತು. ಕೋನಪ್ಪ ಕೆಮ್ಮಣ್ಣಿನ ಉಂಡೆಯನ್ನು ದಳವಾಯಿಯ ಕೈಗಿತ್ತ. "ನಿಮ್ಮ ಎದೆಯ ಮಟ್ಟಕ್ಕೆ ಗೋಡೆಯುದ್ದಕ್ಕೂ ಗೆರೆ ಎಳೆಯಿರಿ ಸ್ವಾಮಿ. ನಾನೇ ಎಳೆಯಬಹುದಿತ್ತು, ಏಣಿ ತರಲು ಮರೆತೆ."

ಬಾಗಿಲು ದಾಟುವಾಗ ತಲೆ ಬಗ್ಗಿಸಲೇಬೇಕಾದ ಆಳು ದಳವಾಯಿ. ಬಿಮ್ಮನೆ ನಿಂತು ಗೆರೆ ಎಳೆದ.

"ಇದು ನೆರೆಯ ನೀರು" ಎಂದ ಕೋನಪ್ಪ, ಮೊದಲು ತಾನೇ ಹೋಗಿ ಗೋಡೆಗೆ ಒರಗಿದ. ಗೆರೆ ಅವನ ತಲೆಯಿಂದ ನಾಲ್ಕು ಬೆರಳು ಮೇಲಿತ್ತು. "ನಾನಂತೂ ಹೋದೆ. ಜುಟ್ಟು ಬಿಚ್ಚಿ ನಿಲ್ಲಿಸಿದರೂ ಹುಡುಕುವವರಿಗೆ ಕಾಣುವುದಿಲ್ಲ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೆನ್ನು ಬಾಗಿದ ಸಿದ್ದವ್ವಜ್ಜಿ ಬಂದು ನಿಂತಳು. ಗೆರೆ ಅವಳಿಗಿಂತ ಒಂದು ಮೊಳ ಮೇಲೆ. ಮಕ್ಕಳು ಬಂದು ನಿಂತರು. ಕೈ ಎತ್ತಿದರೂ ಗೆರೆ ಸಿಗಲಿಲ್ಲ. ಈಗ ಯಾರೂ ನಗಲಿಲ್ಲ.

ಅಜ್ಜಿಯ ಮಗ ಕುಂಬಾರ ಮುದ್ದಣ್ಣ ಎತ್ತರದವನು. ಗೆರೆ ಅವನ ಭುಜಕ್ಕೆ ಬಂತು.

"ನೋಡಿ, ಇವನು ಉಳಿದ!" ಎಂದ ದಳವಾಯಿ.

"ಹೇಗೆ ಉಳಿಯಲಿ ಧಣಿ?" ಎಂದ ಮುದ್ದಣ್ಣ. "ಒಂದು ತೋಳಲ್ಲಿ ಅವ್ವ, ಇನ್ನೊಂದರಲ್ಲಿ ಕೂಸು. ಸೆಳವಿನಲ್ಲಿ ಕಾಲು ಜಾರಿದರೆ ಯಾರನ್ನು ಬಿಡಲಿ, ನೀವೇ ಹೇಳಿ."

ದಳವಾಯಿಗೆ ಸಿಟ್ಟೇರಿತು. "ಇದೆಲ್ಲ ಕುಳ್ಳರ ಕೇರಿ ಪ್ರಭು! ಸರಿಯಾದ ಗಂಡಸೊಬ್ಬ ನಿಂತರೆ ತಿಳಿಯುತ್ತದೆ."

"ಹಾಗಾದರೆ ನಾನೇ ನಿಲ್ಲುತ್ತೇನೆ" ಎನ್ನುತ್ತ ದೊರೆ ಪೀಠದಿಂದ ಇಳಿದುಬಂದ.

ಅಯ್ಯೋ! ಸಿಂಹಾಸನದ ಮೇಲೆ, ಆನೆಯ ಮೇಲೆ ಅವನನ್ನು ನೋಡಿದ್ದರೇ ಹೊರತು ನೆಲದ ಮೇಲೆ ಪಕ್ಕದಲ್ಲಿ ನಿಂತು ನೋಡಿದವರು ಯಾರೂ ಇರಲಿಲ್ಲ. ಗೆರೆ ದೊರೆಯ ಮೂಗಿಗಿಂತ ಒಂದಂಗುಲ ಮೇಲೆ, ಕಣ್ಣಿಗೆ ಸಮನಾಗಿ ಹಾದುಹೋಗಿತ್ತು.

ಕೋನಪ್ಪ ಮನೆದೇವರು ಹನುಮಂತರಾಯನನ್ನು ನೆನೆದ. ಸುಳ್ಳು ಹೇಳಿದರೆ ಕೇರಿ ಹೋಗುತ್ತದೆ. ನಿಜ ಹೇಳಿದರೆ ತಲೆ ಹೋಗುತ್ತದೆ. ಮೊದಲೇ ಇಷ್ಟುದ್ದದ ದೇಹ, ಅದರಲ್ಲಿ ತಲೆಯೂ ಹೋದರೆ ಉಳಿಯುವುದಾದರೂ ಏನು?

"ಏನಯ್ಯಾ, ನನ್ನ ಗತಿ ಹೇಳು" ಎಂದ ದೊರೆ.

ಕೋನಪ್ಪ ಕೈಮುಗಿದ. "ಕಿರೀಟಕ್ಕೇನೂ ಅಪಾಯವಿಲ್ಲ ಪ್ರಭು, ಒಂದು ಹನಿಯೂ ತಾಗುವುದಿಲ್ಲ. ಆಮೇಲೆ ಅದನ್ನಿಡಲು ನೀರಿನಿಂದ ಮೇಲಿರುವ ತಲೆಯೊಂದನ್ನು ಹುಡುಕಬೇಕು. ಮುದ್ದಣ್ಣ ಸೆಳವಿನಲ್ಲಿ ಹೋದ ಮೇಲೆ ಅಷ್ಟೆತ್ತರದ ತಲೆ ಇಲ್ಲಿ ದಳವಾಯಿಗಳದೊಂದೇ."

ದೊರೆ ದಳವಾಯಿಯನ್ನು ಅಡಿಯಿಂದ ಮುಡಿಯವರೆಗೆ ನಿಧಾನವಾಗಿ ನೋಡಿದ. ದಳವಾಯಿ ಒಂದು ಗೇಣು ಕುಗ್ಗಿದ. ಆಗ ದೊರೆಗೆ ನಗು ತಡೆಯಲಾಗಲಿಲ್ಲ.

"ಇವತ್ತೇ ಕುದುರೆಗಳನ್ನು ಇಳಿಸಿ! ದಿಬ್ಬ ಕೆಳಗೇರಿಯವರಿಗೆ. ಇನ್ನು ಮೇಲೆ ನೀರು ಕೋನಪ್ಪನ ಮೊಣಕಾಲು ಮುಟ್ಟಿದ ಕೂಡಲೇ ಡಂಗುರ ಹೊಡೆಯತಕ್ಕದ್ದು."

"ಅಪ್ಪಣೆ ಪ್ರಭು" ಎಂದ ಕೋನಪ್ಪ. "ಹುಟ್ಟಿದಾಗಿನಿಂದ ಈ ಎತ್ತರಕ್ಕೊಂದು ಉದ್ಯೋಗ ಸಿಕ್ಕಿರಲಿಲ್ಲ."